ಇಲ್ಲದ ಕುರೂಪ, ಇರುವ ಯಾತನೆ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳಿದರು ಹಿರಿಯರು. ಹುಣ್ಣೇ ಇಲ್ಲದ ಅಂಗೈಯನ್ನು ದಿನಕ್ಕೆ ನಲವತ್ತು ಬಾರಿ ಕನ್ನಡಿಯಲ್ಲಿ ಪರೀಕ್ಷಿಸಿ, ಅಲ್ಲಿ ಹುಣ್ಣಿದೆಯೆಂದೇ ನಂಬಿ, ಆ ನಂಬಿಕೆಗಾಗಿ ಶಾಲೆಯನ್ನೂ ನೌಕರಿಯನ್ನೂ ನೆಂಟರಿಷ್ಟರನ್ನೂ ತೊರೆಯುವವರ ಬಗೆಗೆ ಆ ಗಾದೆ ಏನನ್ನೂ ಹೇಳುವುದಿಲ್ಲ. ಇಂಥವರು ಬುದ್ಧಿಗೇಡಿಗಳಲ್ಲ, ಸೋಮಾರಿಗಳಲ್ಲ, ಶೋಕಿಗಾರರಂತೂ ಅಲ್ಲವೇ ಅಲ್ಲ. ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತಾರೆ, ಲೆಕ್ಕಪತ್ರಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ, ಅನ್ಯರ ಕಷ್ಟಕ್ಕೆ ವಿವೇಕದ ಮಾತನ್ನೂ ಹೇಳಬಲ್ಲರು. ಅವರ ವಿವೇಕವೆಲ್ಲ ಸೋಲುವುದು ಒಂದೇ ಒಂದು ಎಡೆಯಲ್ಲಿ: ತಮ್ಮ ಮೂಗು ಸೊಟ್ಟಗಿದೆ, ತಮ್ಮ ಚರ್ಮದ ತುಂಬ ಕಲೆಗಳಿವೆ, ತಮ್ಮ ತಲೆ ಬೋಳಾಗುತ್ತಿದೆ, ನೋಡಿದವರೆಲ್ಲ ಅದನ್ನೇ ನೋಡಿ ಹೇಸುತ್ತಿದ್ದಾರೆ ಎಂಬ ನಂಬಿಕೆಯಲ್ಲಿ. ಎದುರಿಗೆ ನಿಂತವರಿಗಾದರೋ ಅಲ್ಲಿ ಏನೂ ಕಾಣುವುದಿಲ್ಲ. ಕಂಡರೂ ಅದು ಎಣಿಕೆಗೆ ಬಾರದಷ್ಟು ಅಲ್ಪ.

ಮನೋವೈದ್ಯರು ಇದನ್ನು ‘ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಕುರೂಪಭ್ರಾಂತಿ ಎಂದರೆ ಅರ್ಥ ಕೆಡುವುದಿಲ್ಲ. ವಿವಿಧ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಈ ಕಾಯಿಲೆ ಇರುತ್ತದೆ. ಬೆಳಗಿನ ಹೊತ್ತು ಕಲ್ಯಾಣದಿಂದ ಹೊರಟ ಲೋಕಲ್ ಗಾಡಿಯ ಒಂದು ಡಬ್ಬಿಯಲ್ಲಿ ಮುನ್ನೂರು ಮಂದಿ ಕಿಕ್ಕಿರಿದಿದ್ದರೆ, ಲೆಕ್ಕದ ಪ್ರಕಾರ ಅವರಲ್ಲಿ ಆರು ಮಂದಿ ಇಂಥವರಿರಬೇಕು. ವಾಸ್ತವದಲ್ಲಿ ಅಷ್ಟು ಮಂದಿ ಇರಲಾರರು. ಏಕೆಂದರೆ ಈ ಕಾಯಿಲೆ ಉಲ್ಬಣಿಸಿದವನು ಲೋಕಲ್ ಗಾಡಿಯನ್ನೇ ಹತ್ತಲಾರ.

ಡೊಂಬಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಬೆಳೆದ ಕನ್ನಡದ ಹುಡುಗನೊಬ್ಬನನ್ನು ಓದುಗರು ಕಲ್ಪಿಸಿಕೊಳ್ಳಲಿ. ಇವನು ನಿಜವಾದ ಯಾವ ವ್ಯಕ್ತಿಯೂ ಅಲ್ಲ. ಆದರೆ ವೈದ್ಯಗ್ರಂಥಗಳು ವರ್ಣಿಸುವ ಲಕ್ಷಣಗಳೆಲ್ಲ ಇವನಲ್ಲಿವೆ. ಹದಿಮೂರನೆಯ ವಯಸ್ಸಿನಲ್ಲಿ ಸಹಪಾಠಿಯೊಬ್ಬ ಮೂಗಿನ ಬಗ್ಗೆ ಏನೋ ಹಾಸ್ಯ ಮಾಡಿದ. ಆಡಿದವನು ಮರುದಿನವೇ ಮರೆತ, ಕೇಳಿದವನು ಮರೆಯಲಿಲ್ಲ. ಹದಿನೇಳಕ್ಕೆ ಬರುವಷ್ಟರಲ್ಲಿ ಬೆಳಗ್ಗೆ ಬಚ್ಚಲುಮನೆಯ ಕನ್ನಡಿಯೆದುರು ಮುಕ್ಕಾಲು ಗಂಟೆ ನಿಲ್ಲತೊಡಗಿದ. ಹೊರಗೆ ಅಪ್ಪ ಕಾರ್ಖಾನೆಯ ಪಾಳಿಗೆ ಹೊತ್ತಾಯಿತೆಂದು ಬಾಗಿಲು ತಟ್ಟುತ್ತಿದ್ದಾರೆ, ಕಾರ್ಪೊರೇಷನ್ನಿನ ನೀರು ನಿಲ್ಲುವ ಸಮಯವಾಗಿದೆ. ಒಳಗೆ ಇವನು ಬಲಗಡೆಯಿಂದೊಮ್ಮೆ, ಎಡಗಡೆಯಿಂದೊಮ್ಮೆ ಮೂಗನ್ನು ಅಳೆಯುತ್ತಿದ್ದಾನೆ. ಗಾಡಿಯಲ್ಲಿ ನಿಂತರೆ ಎದುರಿನವನ ಮುಖಕ್ಕೂ ತನ್ನ ಮುಖಕ್ಕೂ ಗೇಣುದ್ದದ ಅಂತರವಿರುವುದಿಲ್ಲ. ಉಳಿದವರಿಗೆ ಅದು ಸೆಕೆ, ಬೆವರು, ತುಳಿತದ ತೊಂದರೆ. ಇವನಿಗೆ ಅದು ಕಟಕಟೆಯಲ್ಲಿ ನಿಂತು ತೀರ್ಪು ಕೇಳುವ ಘಳಿಗೆ. ಎದುರಿನವನು ಆಕಳಿಸಿದರೂ ತನ್ನ ಮೂಗನ್ನು ಕಂಡೇ ಮುಖ ತಿರುಗಿಸಿದನೆಂದು ತಿಳಿಯುತ್ತಾನೆ. ಸಂಜೆಗತ್ತಲಾದರೆ ಕಿಟಕಿಯ ಗಾಜು ಕನ್ನಡಿಯಾಗಿ ಥಾಣೆಯವರೆಗೂ ಕಾಡುತ್ತದೆ. 2020ರ ಮಹಾಮಾರಿಯಲ್ಲಿ ಎಲ್ಲರೂ ಮೂಗು ಬಾಯಿ ಮುಚ್ಚಿಕೊಂಡು ಓಡಾಡಿದಾಗ ಇವನೊಬ್ಬನಿಗೆ ಬದುಕು ಹಗುರವೆನಿಸಿತ್ತು. ಎಲ್ಲರೂ ಮುಸುಕು ತೆಗೆದ ಮೇಲೂ ಇವನು ತೆಗೆಯಲಿಲ್ಲ. ಊರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ ಎಂದರೆ ಪರೀಕ್ಷೆಯ ನೆಪ ಹೇಳುತ್ತಾನೆ. ಮದುವೆಗಿಂತ ಅವನಿಗೆ ಅಂಜಿಕೆಯಿರುವುದು ಅಲ್ಲಿ ತೆಗೆಯುವ ಫೋಟೋಗಳ ಬಗ್ಗೆ.

ಅಮ್ಮನನ್ನು ಕೇಳುತ್ತಾನೆ, ದಿನಕ್ಕೆ ಹತ್ತು ಸಲ ಕೇಳುತ್ತಾನೆ: “ಅಮ್ಮಾ, ಮೂಗು ನಿಜವಾಗಿ ಸೊಟ್ಟಗಿದೆಯಾ?” “ಇಲ್ಲ ಕಣೋ, ಚೆನ್ನಾಗಿಯೇ ಇದ್ದೀಯಲ್ಲ” ಎಂಬ ಉತ್ತರ ಐದು ನಿಮಿಷದ ನೆಮ್ಮದಿ ಕೊಡುತ್ತದೆ. ಆರನೆಯ ನಿಮಿಷಕ್ಕೆ ಸಂಶಯ ತಿರುಗಿ ಬರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅಮ್ಮನ ಮಾತು ಯಾವ ಲೆಕ್ಕಕ್ಕೆ? ಈ ಕಾಯಿಲೆಯ ಕ್ರೂರವಾದ ಲಕ್ಷಣ ಇದೇ. ಹೌದೆಂದರೆ ರೋಗಿ ಕುಸಿಯುತ್ತಾನೆ, ಇಲ್ಲವೆಂದರೆ ಸುಳ್ಳೆನ್ನುತ್ತಾನೆ.

ವೈದ್ಯರು ಕಂಡ ಬಗೆ

ಇದು ಮೊಬೈಲ್ ಫೋನು ತಂದ ಹೊಸ ರೋಗವೆಂದು ತಿಳಿಯುವುದು ತಪ್ಪು. ಇಟಲಿಯ ಮನೋವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲಿಯೇ ಇದನ್ನು ಗುರುತಿಸಿ ‘ಡಿಸ್ಮಾರ್ಫೋಫೋಬಿಯ’ ಎಂಬ ಹೆಸರು ಕೊಟ್ಟ. ಆ ಹೆಸರಿನ ಮೂಲದಲ್ಲಿರುವ ಗ್ರೀಕ್ ಪದ ಹಿರೊಡೋಟಸನ ಇತಿಹಾಸದಷ್ಟು ಹಳೆಯದು: ಸ್ಪಾರ್ಟಾದ ಹೆಣ್ಣುಮಗುವೊಂದು ಕುರೂಪಿಯೆಂದು ಕೊರಗುತ್ತಿದ್ದ ತಂದೆತಾಯಿಯರ ದುಃಖ ನೋಡಲಾರದೆ, ದಾದಿ ಆ ಮಗುವನ್ನು ಪ್ರತಿದಿನ ಹೆಲೆನ್ ದೇವಿಯ ಗುಡಿಗೆ ಒಯ್ಯುತ್ತಿದ್ದಳೆಂಬ ಕಥೆ ಅಲ್ಲಿದೆ.

ಫ್ರಾಯ್ಡನ ಶಿಷ್ಯೆ ರೂತ್ ಮ್ಯಾಕ್ ಬ್ರನ್ಸ್‌ವಿಕ್ 1926ರಲ್ಲಿ ವಿಯೆನ್ನಾ ನಗರದಲ್ಲಿ ಚಿಕಿತ್ಸೆ ಮಾಡಿದ ಸೆರ್ಗೆಯಿ ಪಾಂಕೆಯೆಫ್ ಎಂಬಾತನ ವೃತ್ತಾಂತ ಇನ್ನೂ ಸ್ವಾರಸ್ಯಕರ. ಈತ ರಷ್ಯಾದ ಜಮೀನುದಾರರ ಮನೆತನದವನು. ಕ್ರಾಂತಿಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ವಿಯೆನ್ನಾದ ವಿಮಾ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಫ್ರಾಯ್ಡನೇ ಹಿಂದೆ ಇವನಿಗೆ ಚಿಕಿತ್ಸೆ ಮಾಡಿ, ‘ತೋಳಮನುಷ್ಯ’ನೆಂಬ ಅಡ್ಡಹೆಸರಿನಿಂದ ಇವನ ವೃತ್ತಾಂತವನ್ನು ಜಗದ್ವಿಖ್ಯಾತಗೊಳಿಸಿದ್ದ. ಅಂಥವನು ತನ್ನ ಮೂಗು ವೈದ್ಯರ ಚಿಕಿತ್ಸೆಯಿಂದ ಕೆಟ್ಟುಹೋಯಿತೆಂದು ನಂಬಿ ಉಳಿದೆಲ್ಲವನ್ನೂ ಮರೆತ. ಜೇಬಿನಲ್ಲಿ ಪುಟ್ಟ ಕನ್ನಡಿಯನ್ನಿಟ್ಟುಕೊಂಡು ಕ್ಷಣಕ್ಷಣಕ್ಕೂ ತೆಗೆದು ನೋಡುತ್ತಿದ್ದ, ಮೂಗಿಗೆ ಪೌಡರು ಬಳಿಯುತ್ತಿದ್ದ, ಬೀದಿಯಲ್ಲಿ ಹೋಗುವಾಗ ಅಂಗಡಿಗಳ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ಆ ಜೇಬುಗನ್ನಡಿಯ ಸ್ಥಾನದಲ್ಲಿ ಇಂದು ಮೊಬೈಲು ಕುಳಿತಿದೆ ಎನ್ನುವುದನ್ನು ಬಿಟ್ಟರೆ, ಡೊಂಬಿವಲಿಯ ಹುಡುಗನಿಗೂ ಅವನಿಗೂ ವ್ಯತ್ಯಾಸವಿಲ್ಲ. ಜಪಾನಿನಲ್ಲಿಯೂ ಇಂಥದೇ ಭೀತಿಯನ್ನು ಅಲ್ಲಿನ ವೈದ್ಯರು ಸ್ವತಂತ್ರವಾಗಿ ಗುರುತಿಸಿದ್ದಾರೆ. ತನ್ನ ಕುರೂಪದಿಂದ ಎದುರಿನವರಿಗೆ ನೋವಾಗುತ್ತದೆ ಎಂದು ಕೊರಗುವುದು ಅಲ್ಲಿಯ ರೋಗಿಯ ವಿಶೇಷ.

ವೈದ್ಯಶಾಸ್ತ್ರದ ಅಧಿಕೃತ ವರ್ಗೀಕರಣದಲ್ಲಿ ಇದು ಬಹುಕಾಲ ಅಲೆದಾಡಿತು. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯಲ್ಲಿ 1980ರಲ್ಲಿ ಇದರ ಪ್ರಸ್ತಾಪ ಮಾತ್ರವಿತ್ತು. 1987ರಲ್ಲಿ ಸ್ವತಂತ್ರ ಸ್ಥಾನ ದೊರೆಯಿತು. 2013ರಲ್ಲಿ ಇದನ್ನು ಗೀಳಿನ ಕಾಯಿಲೆಗಳ ಬಳಗಕ್ಕೆ ಸೇರಿಸಲಾಯಿತು. ಅಲ್ಲಿಗೆ ಸರಿಯಾದ ಮನೆ ಸಿಕ್ಕಿತೆನ್ನಬೇಕು. ಕೈ ತೊಳೆದದ್ದು ಸಾಲದೆಂದು ಮತ್ತೆ ಮತ್ತೆ ತೊಳೆಯುವವನಿಗೂ, ಕನ್ನಡಿ ನೋಡಿದ್ದು ಸಾಲದೆಂದು ಮತ್ತೆ ಮತ್ತೆ ನೋಡುವವನಿಗೂ ಇರುವ ಬಂಧುತ್ವ ಸ್ಪಷ್ಟವಾಗಿದೆ.

ಹಾಗಾದರೆ ರೋಗಿಗೆ ಕಾಣುವುದಾದರೂ ಏನು? ಲಾಸ್ ಏಂಜಲಿಸ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಜೇಮೀ ಫಾಯ್ಸ್‌ನರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ಮೇಲೆ ಬೆಳಕು ಚೆಲ್ಲಿತು. ಅವರು ಈ ಕಾಯಿಲೆಯ 12 ಮಂದಿಗೂ ಆರೋಗ್ಯವಂತರಾದ 13 ಮಂದಿಗೂ ಬೇರೆಯವರ ಮುಖಗಳ ಚಿತ್ರಗಳನ್ನು ತೋರಿಸಿ, ಆ ಹೊತ್ತಿಗೆ ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೆಂದು ಯಂತ್ರದಿಂದ ನೋಡಿದರು. ಸಾಮಾನ್ಯರು ಮುಖವನ್ನು ಮೊದಲು ಇಡಿಯಾಗಿ ಗ್ರಹಿಸುತ್ತಾರೆ, ವಿವರಗಳು ಅನಂತರ. ರೋಗಿಗಳ ಮೆದುಳು ಮಸುಕಾದ ಚಿತ್ರದಲ್ಲಿಯೂ ಬಿಡಿವಿವರಗಳನ್ನೇ ಹುಡುಕುತ್ತಿತ್ತು. ವರ್ಷದ ಜಮಾಖರ್ಚಿನಲ್ಲಿ ಒಂದು ಪೈಸೆಯ ವ್ಯತ್ಯಾಸ ಸಿಕ್ಕ ಕೂಡಲೇ ಸಂಸ್ಥೆಯೇ ದಿವಾಳಿಯೆಂದು ಷರಾ ಬರೆಯುವ ಲೆಕ್ಕಪರಿಶೋಧಕನಂತೆ, ರೋಗಿಯ ಕಣ್ಣು ಮುಖವನ್ನು ಕಾಣದೆ ರಂಧ್ರವನ್ನು ಮಾತ್ರ ಕಾಣುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲವೆ? ಆ ಹಳದಿ ಅವನು ಕಟ್ಟಿ ಹೇಳಿದ ಸುಳ್ಳಲ್ಲ. ಅವನಿಗೆ ಹಾಗೆಯೇ ಕಾಣುತ್ತದೆ. ಆದುದರಿಂದಲೇ ವಾದದಿಂದ ಅವನನ್ನು ಗೆಲ್ಲಲಾಗದು.

ಇದು ಹುಡುಗಿಯರ ಕಾಯಿಲೆ ಎಂಬ ತಪ್ಪು ಕಲ್ಪನೆಯೂ ಇದೆ. ಹೆಣ್ಣುಗಂಡುಗಳಲ್ಲಿ ಇದರ ಪ್ರಮಾಣ ಬಹುಮಟ್ಟಿಗೆ ಸಮಾನ. ಗಂಡಸರಲ್ಲಿ ಕೂದಲಿನ ಚಿಂತೆ ಹೆಚ್ಚು. ಮೈಕಟ್ಟು ಹುಲುಸಾಗಿದ್ದರೂ ತಾನು ಒಣಕಲನೆಂದು ನಂಬಿ, ದಿನಕ್ಕೆ ನಾಲ್ಕು ಗಂಟೆ ವ್ಯಾಯಾಮಶಾಲೆಯಲ್ಲಿ ಕಬ್ಬಿಣ ಎತ್ತಿ, ಯಾರೋ ಕೊಟ್ಟ ಸ್ಟೆರಾಯ್ಡ್ ಸೂಜಿ ಚುಚ್ಚಿಸಿಕೊಳ್ಳುವ ತರುಣರದ್ದೂ ಇದರ ಒಂದು ಪ್ರಭೇದವೇ. ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಇದು ಹದಿನೆಂಟು ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ. ಕನ್ನಡಿ ನೋಡುವ ಹರೆಯದವರೆಲ್ಲ ರೋಗಿಗಳೆಂದು ಇದರರ್ಥವಲ್ಲ. ಹಾಗಾದರೆ ಇಡೀ ಕಾಲೇಜನ್ನೇ ಆಸ್ಪತ್ರೆಗೆ ಸಾಗಿಸಬೇಕಾದೀತು. ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಇದೇ ಯೋಚನೆ, ಅದರಿಂದ ಓದು, ಕೆಲಸ, ಸ್ನೇಹಗಳು ಕೆಡುವುದು, ಮನಸ್ಸು ನಿಜವಾಗಿ ನೋಯುವುದು: ಇವು ಕೂಡಿದಾಗ ಮಾತ್ರ ಅದು ಕಾಯಿಲೆ. ಅದರ ಪರಮಾವಧಿ ಭಯಂಕರವಾದುದು. ಚಿಕಿತ್ಸೆಗೆ ಬಂದವರನ್ನು ಕುರಿತ ಅಧ್ಯಯನಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಒಮ್ಮೆಯಾದರೂ ಆತ್ಮಹತ್ಯೆಗೆ ಪ್ರಯತ್ನಿಸಿದವರಾಗಿದ್ದಾರೆ.

ತಪ್ಪಿದ ಬಾಗಿಲು

ಇಷ್ಟೆಲ್ಲ ಗೊತ್ತಿದ್ದರೂ ರೋಗಿ ಮನೋವೈದ್ಯರ ಬಳಿಗೆ ಬರುವುದು ಅಪರೂಪ. ಅವನ ದೃಷ್ಟಿಯಲ್ಲಿ ಕೆಟ್ಟಿರುವುದು ಮೂಗೇ ಹೊರತು ಮನಸ್ಸಲ್ಲ, ಮೂಗಿಗೆ ಮನೋವೈದ್ಯನೇಕೆ? ಅವನು ಹೋಗುವುದು ಚರ್ಮವೈದ್ಯರಲ್ಲಿಗೆ, ದಂತವೈದ್ಯರಲ್ಲಿಗೆ, ಸೌಂದರ್ಯ ಶಸ್ತ್ರಕ್ರಿಯೆಯ ತಜ್ಞರಲ್ಲಿಗೆ. 2016ರ ಅದೇ ವಿಶ್ಲೇಷಣೆ ಇದನ್ನು ಅಂಕಿಗಳಲ್ಲಿ ತೋರಿಸುತ್ತದೆ: ಚರ್ಮವೈದ್ಯರ ಹೊರರೋಗಿಗಳಲ್ಲಿ ನೂರಕ್ಕೆ 11, ಸೌಂದರ್ಯ ಶಸ್ತ್ರಕ್ರಿಯೆಗೆ ಬರುವವರಲ್ಲಿ 13, ಮೂಗಿನ ಶಸ್ತ್ರಕ್ರಿಯೆಗೆ ಬರುವವರಲ್ಲಿ 20 ಮಂದಿ ಈ ಕಾಯಿಲೆಯವರು. ಅಂದರೆ ಮೂಗು ತಿದ್ದಿಸಿಕೊಳ್ಳಲು ಬಂದ ಐವರಲ್ಲಿ ಒಬ್ಬನ ಮೂಗನ್ನು ತಿದ್ದಿ ಪ್ರಯೋಜನವಿಲ್ಲ. ಶಸ್ತ್ರಕ್ರಿಯೆಯಾದ ಮೇಲೆ ಇಂಥವರಲ್ಲಿ ಹೆಚ್ಚಿನವರ ಕೊರಗು ಇದ್ದಂತೆಯೇ ಉಳಿಯುತ್ತದೆ, ಇಲ್ಲವೆ ಹೆಚ್ಚುತ್ತದೆ, ಅಥವಾ ಮೂಗಿನಿಂದ ಗಲ್ಲಕ್ಕೆ ಜಾರುತ್ತದೆ. ಆಗ ಎರಡನೆಯ ವೈದ್ಯ, ಮೂರನೆಯ ವೈದ್ಯ.

ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ನವಿಮುಂಬಯಿಯ ವಾಶಿಯಲ್ಲಿ ಕೂದಲು, ಚರ್ಮ, ಕೊಬ್ಬುಗಳ ಕ್ಲಿನಿಕ್ಕುಗಳ ಫಲಕಗಳು ಸಾಲುಸಾಲಾಗಿ ಕಾಣುತ್ತವೆ. ಅವುಗಳಲ್ಲಿ ನಿಜವಾದ ತಜ್ಞರೂ ಇದ್ದಾರೆ. ರೋಗಿಯ ಮನಸ್ಸನ್ನು ಗುರುತಿಸಿ ಚಾಕು ಕೆಳಗಿಡುವ ಪ್ರಾಮಾಣಿಕರೂ ಇದ್ದಾರೆ. ಆದರೆ ಮಾಸಿಕ ಕಂತಿನಲ್ಲಿ ಮುಖ ಬದಲಿಸಿಕೊಳ್ಳಿರೆಂದು ಕರೆಯುವ ವ್ಯಾಪಾರಕ್ಕೆ ಇಂಥ ಗಿರಾಕಿಗಿಂತ ಒಳ್ಳೆಯವನು ಸಿಗಲಾರ. ಅವನಿಗೆ ತೃಪ್ತಿ ಎಂಬುದೇ ಇಲ್ಲ. ಇಂಥ ಶಸ್ತ್ರಕ್ರಿಯೆ ಕ್ಷೌರದಂಥ ಸಲೀಸು ಕೆಲಸವಲ್ಲ ಎಂಬುದನ್ನೂ ನೆನೆಯಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ಬೆನ್ನಿಗೆ 21 ವರ್ಷದ ಕನ್ನಡ ಕಿರುತೆರೆಯ ನಟಿಯೊಬ್ಬಳು ತೀರಿಕೊಂಡಳು. ಅವಳಿಗೆ ಈ ಕಾಯಿಲೆಯಿತ್ತೆಂದು ಹೇಳುವುದಲ್ಲ. ಆರೋಗ್ಯವಂತ ದೇಹವನ್ನು ಮೇಜಿನ ಮೇಲೆ ಮಲಗಿಸುವುದರಲ್ಲಿಯೂ ಅಪಾಯವಿದೆ ಎಂದಷ್ಟೇ.

ಹಣದ ಲೆಕ್ಕವನ್ನೂ ನೋಡಬಹುದು. ಅಪಘಾತ, ಸುಟ್ಟಗಾಯ, ಅರ್ಬುದದಂಥ ಕಾರಣಗಳಿಲ್ಲದೆ ಕೇವಲ ಅಂದಕ್ಕಾಗಿ ಮಾಡಿಸಿಕೊಂಡ ಶಸ್ತ್ರಕ್ರಿಯೆಗೆ ಆರೋಗ್ಯವಿಮೆ ಹಣ ಕೊಡುವುದಿಲ್ಲ. ಆದರೆ 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆ, ದೇಹದ ಕಾಯಿಲೆಗಳಿಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗಳಿಗೂ ವಿಮೆ ಒದಗಿಸಬೇಕೆಂದು ಕಂಪನಿಗಳನ್ನು ಕಟ್ಟಿಹಾಕಿದೆ. ಬೇಕಾದ ಚಿಕಿತ್ಸೆಗೆ ಹಣ ಒದಗುವ ದಾರಿಯಿದ್ದರೂ ಸಂಸಾರಗಳು ಬೇಡದ ಚಿಕಿತ್ಸೆಗೆ ಕೈಗಡ ಮಾಡುತ್ತವೆ.

ಜಾಹೀರಾತುಗಳ ಪಾಲನ್ನು ಮರೆಯುವಂತಿಲ್ಲ. ಎತ್ತರ ಬೆಳೆಸುತ್ತೇವೆ, ಬೊಜ್ಜು ಕರಗಿಸುತ್ತೇವೆ, ಎದೆ ತುಂಬಿಸುತ್ತೇವೆ ಎಂಬ ಔಷಧಿಗಳ ಪ್ರಚಾರವನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿ ಎಪ್ಪತ್ತು ವರ್ಷ ಮೀರಿದೆ. ಆದರೂ ಗಾಡಿಯ ಡಬ್ಬಿಗಳಲ್ಲಿ ಅಂಟಿಸಿದ ಚೀಟಿಗಳು ಕಾಯಿದೆಯನ್ನು ಓದಿದಂತೆ ಕಾಣುವುದಿಲ್ಲ. ಮುಖ ಬೆಳ್ಳಗಾಗಿಸುವ ಪ್ರಸಿದ್ಧ ಕ್ರೀಮೊಂದು 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂದು ಮಾರುಕಟ್ಟೆಗೆ ಬಂದು, 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ‘ಫೇರ್’ ಪದ ಹೋಯಿತು, ಹಂಬಲ ಹೋಗಲಿಲ್ಲ. ವೈದ್ಯರ ಚೀಟಿಯಿಲ್ಲದೆ ಕೊಂಡ ಸ್ಟೆರಾಯ್ಡ್ ಮುಲಾಮನ್ನು ಮುಖಕ್ಕೆ ಬಳಿದು ಚರ್ಮ ತೆಳುವಾಗಿಸಿಕೊಂಡವರು ಎಷ್ಟು ಮಂದಿಯೋ! ಕುರೂಪಭ್ರಾಂತಿಯವನು ಹೀಗೆ ಬಳಿದರೆ ಇಲ್ಲದ ಕಲೆ ಕೊನೆಗೆ ನಿಜವಾಗಿಯೇ ಮೂಡುತ್ತದೆ.

ಕಾಯಿಲೆಯನ್ನು ಜಾಹೀರಾತು ಹುಟ್ಟಿಸಿತೆಂದು ಹೇಳಲಾಗದು. ಇದು ಸಂಸಾರಗಳಲ್ಲಿ ಹರಿದುಬರುವುದುಂಟು, ಬಾಲ್ಯದ ಅವಹೇಳನಕ್ಕೆ ಪಾಲಿರುವುದುಂಟು. ಅವಹೇಳನವೆಂದರೆ ಹೊರಗಿನವರದ್ದೇ ಎಂದು ತಿಳಿಯಬೇಕಿಲ್ಲ. ‘ಅಕ್ಕ ಬೆಳ್ಳಗೆ, ತಂಗಿ ಸ್ವಲ್ಪ ಕಪ್ಪು’ ಎಂದು ಹೆಣ್ಣು ನೋಡಲು ಬಂದವರೆದುರೇ ಅಳೆಯುವ ನಾಲಗೆಗಳು ನಮ್ಮ ಜಗಲಿಗಳಿಂದ ಹೊರಟು, ಘಟ್ಟ ಇಳಿದು, ಈ ಮಹಾನಗರಕ್ಕೂ ಬಂದಿವೆ. ಮಗುವಿನ ಎದುರಿನಲ್ಲಿ ಅದರ ಹಲ್ಲು, ಬಣ್ಣ, ದಪ್ಪಗಳನ್ನು ಹಾಸ್ಯಮಾಡುವ ಅತ್ತೆ, ಚಿಕ್ಕಮ್ಮ, ಮಾವಂದಿರು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಕೇಳುವ ಮಗು ಅದನ್ನು ಪ್ರೀತಿಯೆಂದು ತಿಳಿಯುತ್ತದೆಯೆ?

ಮನೋವೈದ್ಯರ ಬಾಗಿಲು ತಟ್ಟಲು ಅಡ್ಡವಾಗುವುದು ಹೆಸರಿನ ಅಂಜಿಕೆ. ಥಾಣೆಯ ಮನೋರೋಗ ಆಸ್ಪತ್ರೆ 1901ರಷ್ಟು ಹಳೆಯದು. ಮುಂಬಯಿಯಲ್ಲಿ ಯಾರಾದರೂ ವಿಚಿತ್ರವಾಗಿ ನಡೆದುಕೊಂಡರೆ ‘ಇವನನ್ನು ಥಾಣೆಗೆ ಕಳಿಸಿ’ ಎಂದು ನಗುವುದು ಹಿಂದಿನಿಂದ ಬಂದ ರೂಢಿ. ಉತ್ತರ ಕರ್ನಾಟಕದವರ ಬಾಯಿಯಲ್ಲಿ ಅದೇ ಮಾತು ಧಾರವಾಡದ ಹೆಸರಿನಲ್ಲಿದೆ, ದಕ್ಷಿಣದವರಲ್ಲಿ ನಿಮ್ಹಾನ್ಸ್ ಹೆಸರಿನಲ್ಲಿ. ಮೂಗಿನ ಚಿಂತೆಗಾಗಿ ಮಗನನ್ನು ‘ಥಾಣೆಗೆ’ ಕರೆದೊಯ್ದರೆಂದು ನೆರೆಹೊರೆಯಲ್ಲಿ ಸುದ್ದಿಯಾದರೆ ನಾಳೆ ಸಂಬಂಧ ಕುದುರೀತೆ ಎಂಬ ಅಳುಕು ತಂದೆತಾಯಿಯರಿಗೆ. ಅಳುಕು ಅರ್ಥವಾಗುವಂಥದೇ. ಆದರೆ ಅದಕ್ಕೆ ತೆರುವ ಬೆಲೆ ಮಗನ ಹತ್ತು ವರ್ಷಗಳ ಆಯುಸ್ಸು.

ಚಿಕಿತ್ಸೆ

ಚಿಕಿತ್ಸೆಯಲ್ಲಿ ಎರಡು ಅಂಗಗಳು. ಮೊದಲನೆಯದು ‘ಕಾಗ್ನಿಟಿವ್ ಬಿಹೇವಿಯರ್ ಥೆರಪಿ’ ಎಂದು ಹೆಸರಾದ, ಯೋಚನೆ ಮತ್ತು ವರ್ತನೆಗಳನ್ನು ತಿದ್ದುವ ವಿಧಾನ. ಇಲ್ಲಿ ವೈದ್ಯರು ‘ನಿನ್ನ ಮೂಗು ಸರಿಯಾಗಿದೆ’ ಎಂದು ವಾದಿಸುವುದಿಲ್ಲ. ಬದಲು, ನಾಳೆ ಸೊಸೈಟಿಯ ಅಂಗಡಿಯವರೆಗೆ ಮುಸುಕಿಲ್ಲದೆ ಹೋಗಿ ಬಾ, ಎಷ್ಟು ಮಂದಿ ನಿಜವಾಗಿ ನಿಂತು ನೋಡಿದರೆಂದು ಬರೆದಿಡು ಎನ್ನುತ್ತಾರೆ. ಮುಂದಿನ ವಾರ ಸ್ಟೇಷನ್ನಿನ ಸೇತುವೆಯವರೆಗೆ. ಅದರ ಮುಂದಿನ ವಾರ ಗಾಡಿಯಲ್ಲಿ ಎರಡು ನಿಲ್ದಾಣ. ಮೊದಲ ದಿನಗಳ ಎದೆಬಡಿತ ತಾನಾಗಿಯೇ ಇಳಿಯುವವರೆಗೂ ಅಲ್ಲಿಂದ ಓಡಿಹೋಗಬಾರದೆಂಬುದೇ ನಿಯಮ. ಕನ್ನಡಿಯನ್ನು ನೋಡುವುದನ್ನೂ ಹೊಸದಾಗಿ ಕಲಿಸುತ್ತಾರೆ: ಮೂಗಿಗೆ ಮೂಗು ತಾಗುವಂತೆ ಅಲ್ಲ, ತೋಳಿನಳತೆಯ ದೂರದಲ್ಲಿ ನಿಂತು, ನೆತ್ತಿಯಿಂದ ಪಾದದವರೆಗೆ ಇಡಿಯಾಗಿ, ‘ಅಸಹ್ಯ’, ‘ವಿಕಾರ’ ಎಂಬ ಮಾತುಗಳಿಲ್ಲದೆ ಇದ್ದದ್ದನ್ನು ಇದ್ದಂತೆ ವರ್ಣಿಸುವುದು. ಬಿಡಿವಿವರಗಳಿಗೆ ಅಂಟಿದ ಕಣ್ಣನ್ನು ಇಡೀ ಚಿತ್ರಕ್ಕೆ ತಿರುಗಿಸುವ ಸಾಧನೆ ಇದು.

ಮನೆಯವರ ಪಾತ್ರ ಇಲ್ಲಿ ದೊಡ್ಡದು, ಕಷ್ಟದ್ದೂ ಹೌದು. ಹತ್ತು ಸಲ ಕೇಳಿದರೆ ಹತ್ತು ಸಲವೂ ‘ಚೆನ್ನಾಗಿದ್ದೀಯ’ ಎನ್ನುವ ತಾಯಿ, ಅರಿವಿಲ್ಲದೆ ಕಾಯಿಲೆಗೆ ಅನ್ನ ಹಾಕುತ್ತಿದ್ದಾಳೆ. ವೈದ್ಯರ ಸಲಹೆಯಂತೆ ಆ ಉತ್ತರವನ್ನು ಕ್ರಮೇಣ ನಿಲ್ಲಿಸಬೇಕಾಗುತ್ತದೆ. ‘ನಿನಗೆ ಸಂಕಟವಾಗುತ್ತಿದೆ ಎಂದು ಗೊತ್ತು ಮಗಾ, ಮೂಗಿನ ಮಾತು ಬೇಡ, ಬಾ, ಕಾಫಿ ಕುಡಿಯೋಣ’ ಎಂಬಷ್ಟು ಸಾಕು. ಗದರಿಸುವುದು, ಹಂಗಿಸುವುದು, ಕನ್ನಡಿ ಒಡೆಯುವುದು ಇವುಗಳಿಂದ ಕೆಡುಕೇ ಹೆಚ್ಚು.

ಎರಡನೆಯ ಅಂಗ ಔಷಧಿ. ಖಿನ್ನತೆಗೂ ಗೀಳಿಗೂ ಕೊಡುವ ಫ್ಲುವಾಕ್ಸೆಟಿನ್, ಎಸ್ಸಿಟಲೊಪ್ರಾಮ್ ಮೊದಲಾದ ಗುಳಿಗೆಗಳನ್ನೇ ಇಲ್ಲಿಯೂ ಕೊಡುತ್ತಾರೆ; ಪ್ರಮಾಣ ಸಾಮಾನ್ಯವಾಗಿ ಖಿನ್ನತೆಗಿಂತ ಹೆಚ್ಚು. ಅಮೆರಿಕದಲ್ಲಿ ಕ್ಯಾಥರೀನ್ ಫಿಲಿಪ್ಸ್ ಮತ್ತು ಸಂಗಡಿಗರು 67 ರೋಗಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫ್ಲುವಾಕ್ಸೆಟಿನ್ ಪಡೆದವರಲ್ಲಿ ನೂರಕ್ಕೆ 53 ಮಂದಿಗೆ ಗುಣ ಕಂಡಿತು; ಸತ್ವವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ 18 ಮಂದಿಗೆ ಮಾತ್ರ. ಗುಣ ಕಾಣಲು ಹನ್ನೆರಡು ವಾರಗಳಾದರೂ ಬೇಕು. ಎರಡು ವಾರಕ್ಕೆ ‘ಏನೂ ಉಪಯೋಗವಿಲ್ಲ’ವೆಂದು ಬಿಟ್ಟುಬಿಡುವವರೇ ಬಹಳ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆದರೆ ವೈದ್ಯರ ನಿಗಾ ಬೇಕು, ಎಳೆಯರಿಗಂತೂ ಮೊದಲ ವಾರಗಳಲ್ಲಿ ವಿಶೇಷವಾಗಿ.

ಸಹಾಯ ದೂರವಿಲ್ಲ. ಥಾಣೆಯಲ್ಲಿ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಸಂಸ್ಥೆ ಮಾನಸಿಕ ಆರೋಗ್ಯಕ್ಕಾಗಿಯೇ ದುಡಿಯುತ್ತಿದೆ. ಕಳವಾದಲ್ಲಿ ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಮುಂಬಯಿಯಲ್ಲಿ ಸಾಯನ್, ಕೆ.ಇ.ಎಂ., ನಾಯರ್ ಆಸ್ಪತ್ರೆಗಳಿವೆ. ಊರಿಗೆ ಹೋದಾಗ ತೋರಿಸುವುದಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿನ ಕಾಯಿಲೆಗಳಿಗೆಂದೇ ವಿಶೇಷ ವಿಭಾಗವಿದೆ. ಮನೆಯಿಂದ ಹೊರಬರಲಾರದ ಸ್ಥಿತಿಯವರಿಗೆ, ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ ಸೇವೆ ಇದೆ. ಸಂಖ್ಯೆ 14416, ಶುಲ್ಕವಿಲ್ಲ, ಹಗಲಿರುಳೂ ಲಭ್ಯ, ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡಬಹುದು. ಸಾಯುವ ಮಾತು ಬಾಯಿಗೆ ಬಂದ ದಿನ ಮಾತ್ರ ಫೋನಿಗಷ್ಟೇ ಬಿಡದೆ, ಒಬ್ಬರು ಜೊತೆಯಲ್ಲಿದ್ದು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಗುಣವಾಯಿತೆಂದು ತಾವಾಗಿಯೇ ಗುಳಿಗೆ ನಿಲ್ಲಿಸುವವರಿಗೆ ಒಂದು ಮಾತು. ಎಸ್ಸಿಟಲೊಪ್ರಾಮ್‌ನಿಂದ ಗುಣಮುಖರಾದವರನ್ನು ಆರು ತಿಂಗಳು ಹಿಂಬಾಲಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ಮುಂದುವರಿಸಿದವರಲ್ಲಿ ನೂರಕ್ಕೆ 18 ಮಂದಿಗೆ ಕಾಯಿಲೆ ಮರುಕಳಿಸಿತು. ನಿಲ್ಲಿಸಿದವರಲ್ಲಿ 40 ಮಂದಿಗೆ. ನಿಲ್ಲಿಸುವ ದಿನವನ್ನು ವೈದ್ಯರೇ ಗೊತ್ತುಮಾಡಲಿ; ಅವರು ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ತಿಂಗಳುಗಟ್ಟಲೆ ಕಾಲ ತೆಗೆದುಕೊಳ್ಳುತ್ತಾರೆ.